ಉರಿಯದ ಔಷಧಿ

ಮೊನ್ನೆ ಸಾರಕ್ಕಿ ಮಾರ್ಕೆಟ್ ಹತ್ತಿರದ ಫುಟ್‌ಪಾತ್‌ನಲ್ಲಿ ಎಡವಿ ಬಿದ್ದೆ. ಮೊಣಕೈ ತರಚಿತು, ಮರ್ಯಾದೆ ಇನ್ನೂ ಸ್ವಲ್ಪ ಜಾಸ್ತಿಯೇ ತರಚಿತು. ಉರುಳಿಹೋದ ನನ್ನ ನಿಂಬೆಹಣ್ಣುಗಳನ್ನು ಆರಿಸಿಕೊಟ್ಟ ಹೂವಿನಾಕೆ, "ಮೊದ್ಲು ಔಷ್ದಿ ಹಾಕ್ಕೊಳ್ಳಿ ಅಕ್ಕ" ಎಂದು ಪಕ್ಕದ ಮೆಡಿಕಲ್ ಶಾಪ್ ತೋರಿಸಿದಳು. ಅಂಗಡಿಯವರು ಗಾಯ ತೊಳೆಯುವ ಔಷಧಿಯ ಬಾಟಲಿಯ ಮುಚ್ಚಳ ತೆಗೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ದೊಡ್ಡಮ್ಮ ನೆನಪಾದಳು.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಬೇಸಿಗೆ ರಜೆಗೆ ಬನಶಂಕರಿಯ ಅವಳ ಮನೆಯಲ್ಲಿ ಸೇರುತ್ತಿದ್ದ ಮಕ್ಕಳಿಗೆಲ್ಲ ಅವಳೇ ಡಾಕ್ಟರು. ಮಂಡಿ ಒಡೆದುಕೊಂಡು ಬಂದರೆ, ಇದೇ ಔಷಧಿಯನ್ನು ನೀರು ಬೆರೆಸದೆ ಬಾಟಲಿಯಿಂದ ಹಾಗೇ ಸುರಿಯುವಳು. ನಾವು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದೆವು. "ಉರೀತಾ? ಹಾಗಾದ್ರೆ ಔಷ್ದಿ ಕೆಲ್ಸ ಮಾಡ್ತಿದೆ" ಎಂದು, ಬಗ್ಗಿ ಫೂ ಫೂ ಎಂದು ಊದುವಳು. ನಿಮ್ಮ ಹತ್ತಿರ ಹೇಳಿಕೊಳ್ಳಲು ನಾಚಿಕೆಯೇನು, ಆ ಊದುವಿಕೆಗಾಗಿ ನಾನು ಬೇಕೆಂದೇ ಬಿದ್ದದ್ದೂ ಉಂಟು.

ಶುಕ್ರವಾರ ರಾಹುಕಾಲದಲ್ಲಿ ಬನಶಂಕರಮ್ಮನಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಅವಳು ಬರಿಗಾಲಲ್ಲೇ ಹೋಗುತ್ತಿದ್ದಳು. ಸಕ್ಕರೆ ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಒಂದು ಬೇಸಿಗೆಯಲ್ಲಿ ಕಾದ ರಸ್ತೆಗೆ ಅಂಗಾಲಲ್ಲಿ ಬೊಬ್ಬೆ ಎದ್ದು ಒಡೆಯಿತು. ಬೆಳಿಗ್ಗೆ ಸಂಜೆ ಬಾಟಲಿ ಸುರಿದಳು. ಉರಿಯಲಿಲ್ಲ. "ಇದು ಹಳೇ ಬಾಟ್ಲಿ ರೀ, ಶಕ್ತೀನೇ ಇಲ್ಲ" ಎಂದು ದೊಡ್ಡಪ್ಪನಿಂದ ಹೊಸದು ತರಿಸಿದಳು. ಅದೂ ಉರಿಯಲಿಲ್ಲ. ಇನ್ನಷ್ಟು ಸುರಿದಳು.

ಗಾಯ ಕಪ್ಪಾದ ಮೇಲೆ ಜಯನಗರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಔಷಧಿ ಹಳೇದು, ದಿನಾ ಹಾಗೇ ಸುರಿದರೂ ಉರಿಯಲೇ ಇಲ್ಲ ಎಂದು ದೊಡ್ಡಮ್ಮ ದೂರಿದಳು. ಡಾಕ್ಟರು ಪಾದಕ್ಕೆ ಹತ್ತಿಯ ಎಳೆ ತಾಗಿಸಿ, "ಗೊತ್ತಾಗುತ್ತಾ ಅಮ್ಮ?" ಎಂದರು.

"ಏನು?" ಎಂದಳು ದೊಡ್ಡಮ್ಮ.

ಡಾಕ್ಟರು ಹತ್ತಿಯ ಎಳೆಯನ್ನು ಪಕ್ಕಕ್ಕಿಟ್ಟರು. "ಔಷ್ದಿ ಹಳೇದಲ್ಲಮ್ಮ. ಶುಗರ್‌ನಿಂದ ನಿಮ್ಮ ಕಾಲಿಗೆ ಸ್ಪರ್ಶಾನೇ ಹೋಗಿದೆ. ಶುದ್ಧ ನೀರಲ್ಲಿ ತೊಳ್ದು, ಬಟ್ಟೆ ಕಟ್ಕೊಂಡು ಆವತ್ತೇ ಬರ್ಬೇಕಿತ್ತು. ನೀರು ಬೆರೆಸ್ದೆ ದಿನಾ ಸುರಿದ್ರೆ ಹೊಸದಾಗಿ ಬರೋ ಚರ್ಮಾನೂ ಸುಟ್ಟೋಗುತ್ತೆ."

ಕಾಲು ಉಳಿಯಲಿಲ್ಲ. ಮರುವರ್ಷ ದೊಡ್ಡಮ್ಮನೂ ಉಳಿಯಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದುಕೊಂಡು ಅವಳು ಕೇಳಿದ್ದು ಒಂದೇ ಮಾತು: "ಒಂಚೂರು ಉರಿದಿದ್ರೂ ನಂಗೆ ಗೊತ್ತಾಗ್ತಿತ್ತಲ್ವೇನೇ?"

ಬಾಟಲಿ ಬೇಡವೆಂದು ಹೇಳಿ ಮನೆಗೆ ಬಂದೆ. ಮೊಣಕೈಯನ್ನು ನಲ್ಲಿಯ ಕೆಳಗೆ ಹಿಡಿದರೆ ಬರೀ ನೀರಿಗೇ ಚುರುಚುರು ಉರಿಯಿತು. ಸದ್ಯ, ಉರಿಯಿತಲ್ಲ ಎಂದು ಸಮಾಧಾನವಾಯಿತು. ಹಿಂದೆಯೇ ಅಳು ಬಂತು. ಊದಿಕೊಳ್ಳೋಣ ಎಂದು ಕೈಯನ್ನು ಹಾಗೆ ಹೀಗೆ ತಿರುಗಿಸಿದೆ, ಕತ್ತು ಚಾಚಿದೆ. ನಮ್ಮ ಮೊಣಕೈಗೆ ನಮ್ಮ ಬಾಯಿ ಎಟುಕುವುದಿಲ್ಲ.