ಕೊಟ್ರೇಶಿಯ ಗೇರ್ ಬಾಕ್ಸು

ಇವತ್ತು ಬೆಳಿಗ್ಗೆ ಕಾರಿನ ಡಿಕ್ಕಿಯಲ್ಲಿ ಜಾಕು ಹುಡುಕುತ್ತಿದ್ದಾಗ ಹಳೇ ಪಂಚೆಯ ತುಂಡೊಂದು ಕೈಗೆ ಬಂತು. ಮೂಸಿದೆ. ಮೂಸಬಾರದಿತ್ತು. ಗೇರ್ ಆಯಿಲ್ಲಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ, ಚೀಲದ ತಳದಲ್ಲಿ ಕೊಳೆತ ಉಳ್ಳಾಗಡ್ಡಿಯ ಹಾಗಿರುತ್ತದೆ, ಎಷ್ಟು ಒಗೆದರೂ ಬಿಡುವುದಿಲ್ಲ. ಆರು ವರ್ಷದ ಹಿಂದೆ ಮೆಕ್ಯಾನಿಕ್ ಮಾಬುಸಾಬರ ಶೆಡ್ಡಿನಲ್ಲಿ ನಾನು ಕೈ ಒರೆಸಿಕೊಂಡ ಬಟ್ಟೆ ಅದು. ವಾಸನೆ ಮೂಗಿಗೆ ಹತ್ತಿದ್ದೇ ತಡ, ತೋಳಿನ ಮೇಲಿನ ಕೂದಲು ನಿಮಿರಿ ನಿಂತವು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು, ದೆವ್ವ ಅಂದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಮುಂದಿನದನ್ನು ನನ್ನ ಹಳೇ ವಿದ್ಯಾರ್ಥಿಗಳು ಯಾರಾದರೂ ಓದಿದರೆ ದಯವಿಟ್ಟು ನಗಬೇಡಿ. ನಗಲೇಬೇಕಿದ್ದರೆ ನನ್ನ ಬೆನ್ನ ಹಿಂದೆ ನಗಿ.

ನಮ್ಮ ಕಾರು ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಸಂಡೂರಿನ ಗಣಿ ಇಂಜಿನಿಯರೊಬ್ಬರಿಂದ ಅಪ್ಪ ಕೊಂಡದ್ದು, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿದು. ಕೊಟ್ಟೂರಿನ ಬಜಾರಿನಲ್ಲಿ ಹೋಗುವಾಗ ಜನ ಕೈಮುಗಿದರೆ ಅದು ಕಾರಿಗೆ, ನನಗಲ್ಲ. ಎಲ್ಲ ಸರಿ, ಆದರೆ ಅದಕ್ಕಿದ್ದದ್ದು ನಾಲ್ಕೇ ಗೇರು. ಒಂದನೆಯದು ಹಾಕಬೇಕಾದರೆ ಗಾಡಿ ಪೂರ್ತಿ ನಿಲ್ಲಬೇಕು. ನಾಲ್ಕನೆಯದರಲ್ಲಿ ತುಸು ಜೋರಾಗಿ ಹೋದರೆ ಇಂಜಿನ್ನು ಊರೆಲ್ಲ ಕೇಳುವಂತೆ ಕಿರುಚುತ್ತದೆ. ನಿವೃತ್ತನಾದ ಮೇಲೆ ಪ್ರತಿ ಗುರುವಾರ ಮಧ್ಯಾಹ್ನ ತಂಬ್ರಹಳ್ಳಿಯ ಅಕ್ಕನ ಮನೆಗೆ ಊಟಕ್ಕೆ ಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ. ಅಕ್ಕ ಆಡಿಕೊಳ್ಳುತ್ತಿದ್ದಳು: "ಲೇ, ನಿನ್ನ ಗಾಡಿ ಸಪ್ಪಳ ಕೇಳಿದ ಮ್ಯಾಲೆ ನಾನು ಅಕ್ಕಿ ತೊಳಿಯಾಕ ಹೋಗ್ತೀನಿ. ನೀ ಬಾಗಲಿಗಿ ಬರೂದ್ರಾಗ ಅನ್ನ ಆರಿರತೈತಿ."

ಈ ಮಾತು ನನಗೆ ನಾಟಿತು. ಐದು ಗೇರಿನ ಬಾಕ್ಸು ಹಾಕಿಸುವುದೆಂದು ತೀರ್ಮಾನಿಸಿ ಮಾಬುಸಾಬರ ಬಳಿ ಹೋದೆ. ಅವರು ಮೂರು ತಲೆಮಾರಿನ ಮೆಕ್ಯಾನಿಕ್ಕು. ಕಾರಿನ ಕೆಳಗೆ ಮಲಗಿದರೆ ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುತ್ತಾರೆ, ನಿದ್ದೆ ಹೋಗಿದ್ದಾರೇನೋ ಎಂದು ನಾನು ಎಷ್ಟೋ ಸಲ ಬಗ್ಗಿ ನೋಡಿದ್ದೇನೆ. ಹದಿನೈದು ದಿನಕ್ಕೆ ಹೇಳಿ ಕಳಿಸಿದರು. ಗುಜರಿಗೆ ಬಂದ ಸಣ್ಣ ಸಾಮಾನು ಗಾಡಿಯೊಂದರ ಗೇರ್ ಬಾಕ್ಸು ಸಿಕ್ಕಿತ್ತು.

"ಕೊಟ್ರೇಶಿ ಅಂತ ಒಬ್ಬಾತ ಹಡಗಲಿ ಕಡಿ ಹೊಡೀತಿದ್ದ ಗಾಡಿರಿ ಇದು," ಅಂದರು. "ಎದಿನೋವು ಅಂತ ಮಲಗಿದಾತ ಏಳಲೇ ಇಲ್ಲ. ಸರ, ನಮ್ಮದೊಂದು ಪದ್ಧತಿ ಐತ್ರಿ. ಸತ್ತೋರ ಗಾಡೀದು ದೊಡ್ಡ ಸಾಮಾನು ಬ್ಯಾರೆ ಗಾಡಿಗಿ ಹಾಕೋ ಮುಂಚೆ ಅವರ ಮನಿಗಿ ಹೋಗಿ ಕೇಳಬೇಕು. ಅವರು ಹೂಂ ಅಂದ ಮ್ಯಾಲೇ ಬೋಲ್ಟು ಬಿಗಿಯೋದು. ನಮ್ಮಪ್ಪಾನೂ ಹಂಗ ಮಾಡ್ತಿದ್ದ."

"ಕಬ್ಬಿಣಕ್ಕೆ ಯಾರ ಅಪ್ಪಣಿ ಬೇಕ್ರಿ ಸಾಬ್ರೆ? ಗುರುವಾರದೊಳಗ ಗಾಡಿ ಕೊಡ್ರಿ," ಅಂದೆ.

ಮಾಬುಸಾಬರು "ನೀವು ಓದಿದೋರು," ಎಂದು ಪಾನಾ ಕೈಗೆತ್ತಿಕೊಂಡರು.

ಕೆಲಸ ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ. ಇಂಗ್ಲೆಂಡಿನ ಇಂಜಿನ್ನಿಗೂ ನಮ್ಮ ಗೇರ್ ಬಾಕ್ಸಿಗೂ ತೂತುಗಳು ಕೂಡುವುದಿಲ್ಲ. ನಡುವೆ ದಪ್ಪನೆಯ ಕಬ್ಬಿಣದ ತಟ್ಟೆಯೊಂದನ್ನು ಲೇಥಿನಲ್ಲಿ ಕೊರೆಸಿ ಎರಡನ್ನೂ ಬೆಸೆದರು. ಹೊಸ ಬಾಕ್ಸು ಉದ್ದ, ಹಾಗಾಗಿ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಗೇಣುದ್ದ ಕತ್ತರಿಸಿ ಗಿಡ್ಡ ಮಾಡಿದರು. ಗೇರ್ ರಾಡು ಹಳೇ ತೂತಿನಲ್ಲಿ ಬರಲಿಲ್ಲ. ಅಪ್ಪ, ಆಮೇಲೆ ನಾನು, ಅರವತ್ತು ವರ್ಷ ಕಾಪಾಡಿದ ತಗಡನ್ನು ನನ್ನ ಕಣ್ಣೆದುರೇ ಕೊಯ್ದು ಹೊಸ ತೂತು ಮಾಡಿದರು. ನಾನು ಸಹಾಯ ಮಾಡುವ ನೆಪದಲ್ಲಿ ಎಣ್ಣೆ ಚೆಲ್ಲಿ ಬೈಸಿಕೊಂಡೆ.

ಗುರುವಾರ ಹೊರಟೆ. ಐದನೆಯ ಗೇರು ಬಿದ್ದಾಗ ಆದ ಸುಖವನ್ನು ಏನೆಂದು ಹೇಳಲಿ! ಕಿರುಚಾಟ ಹೋಗಿ ಸಣ್ಣದೊಂದು ಗುನುಗು ಉಳಿಯಿತು, ಗಂಟಲು ಕಟ್ಟಿದವರು ತಮ್ಮಷ್ಟಕ್ಕೆ ತಾವು ಹಾಡಿಕೊಂಡಂತೆ. ಹಗರಿಬೊಮ್ಮನಹಳ್ಳಿ ದಾಟಿದೆ. ತಂಬ್ರಹಳ್ಳಿಗೆ ಮುಂಚೆ ಒಂದು ಹಳ್ಳದ ಇಳಿಜಾರು ಬರುತ್ತದೆ, ಒಂದು ಬದಿ ಮೆಕ್ಕೆಜೋಳದ ಹೊಲ, ಇನ್ನೊಂದು ಬದಿ ಜಾಲಿ. ಅಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಗೇರ್ ರಾಡು ತಾನಾಗಿ ಮೆಲ್ಲಗೆ ಹಿಂದೆ ಸರಿದು ನ್ಯೂಟ್ರಲ್ಲಿಗೆ ಬಂದು ನಿಂತಿತು. ಜಾರಿ ಬೀಳಲಿಲ್ಲ, ಸರಿಯಿತು. ಕಾರು ಸದ್ದಿಲ್ಲದೆ ಉರುಳತೊಡಗಿತು.

ಹೆದರಿದೆನೇ? ಇಲ್ಲ, ಖುಷಿಯಾಯಿತು, ಪಾಠ ಮಾಡಲು ಅವಕಾಶ ಸಿಕ್ಕಿತಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಲ್ಲುಗಳ ಮೇಲಿನ ಒತ್ತಡ ತಿರುಗುತ್ತದೆ, ಒಳಗಿನ ಸ್ಪ್ರಿಂಗು ಸವೆದಿದ್ದರೆ ಗೇರು ಬಿಡುತ್ತದೆ ಎಂದು ಅಕ್ಕನಿಗೆ ತಟ್ಟೆ ಲೋಟ ಇಟ್ಟು ವಿವರಿಸಿದೆ. ಮಾಬುಸಾಬರು ಸ್ಪ್ರಿಂಗು ಬದಲಿಸಿದರು. ಮುಂದಿನ ಗುರುವಾರ ಅದೇ ಜಾಗದಲ್ಲಿ ಮತ್ತೆ ಸರಿಯಿತು. ಅವರು ಕೂಡ್ಲಿಗಿಯವರೆಗೆ, ಹರಪನಹಳ್ಳಿಯವರೆಗೆ, ಸಿಕ್ಕ ಏರು ಇಳಿಜಾರಿನಲ್ಲೆಲ್ಲ ಓಡಿಸಿ ನೋಡಿದರು. ಎಲ್ಲೂ ಬಿಡಲಿಲ್ಲ. ಮೂರನೆಯ ಗುರುವಾರ ನಾನು ಇಳಿಜಾರಿನಲ್ಲಿ ಕಾಲು ತೆಗೆಯದೆ, ರಾಡನ್ನು ಎಡಗೈಯಲ್ಲಿ ಒತ್ತಿ ಹಿಡಿದೆ. ನನ್ನ ಮುಷ್ಟಿಯ ಸಮೇತ ಹಿಂದೆ ಬಂತು. ಒರಟಾಗಿ ಅಲ್ಲ. ಸೈಕಲ್ ಕಲಿಯುವವರ ಕೈಯನ್ನು ದೊಡ್ಡವರು ಹಿಡಿದು ತಿದ್ದುತ್ತಾರಲ್ಲ, ಹಾಗೆ. ಆ ದಿನ ಅಕ್ಕನ ಮನೆಯಲ್ಲಿ ಊಟ ಸೇರಲಿಲ್ಲ.

ನಾಲ್ಕನೆಯ ಗುರುವಾರ ಇಳಿಜಾರಿನ ಕೆಳಗೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ನಲವತ್ತರ ಆಸುಪಾಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆಯ ಗಂಟು. ಗೇರು ಸರಿಯಿತು, ಕಾರು ಉರುಳಿತು. ಅವಳು ನನ್ನ ಕಡೆ ನೋಡಲೇ ಇಲ್ಲ. ಕಾರಿನ ಪಕ್ಕಕ್ಕೆ ಬಂದು, ಅದರ ವೇಗಕ್ಕೆ ಸರಿಯಾಗಿ ನಾಲ್ಕು ಹೆಜ್ಜೆ ಓಡುತ್ತ, ಗಂಟನ್ನು ನನ್ನ ಕಿಟಕಿಯ ಎತ್ತರಕ್ಕೆ ಹಿಡಿದಳು. ಆಮೇಲೆ ಕಣ್ಣೆತ್ತಿದಳು. ನನ್ನ ಮುಖ ಕಂಡಾಗ ಆ ಮುಖದಲ್ಲಿ ಏನು ಬತ್ತಿಹೋಯಿತೋ ಅದನ್ನು ನೋಡಬೇಕಾದ ಗತಿ ಯಾರಿಗೂ ಬರಬಾರದು.

ನಾನು ಬ್ರೇಕು ಹಾಕಿ ಇಳಿದೆ.

"ತಪ್ಪು ತಿಳ್ಕೋಬ್ಯಾಡ್ರಿ," ಅಂದಳು. ಹೆಸರು ಹುಲಿಗೆವ್ವ ಎಂದು ಆಮೇಲೆ ತಿಳಿಯಿತು. "ನಮ್ಮ ಮನಿಯವ್ರು ಇಲ್ಲಿ ಗಾಡಿ ನ್ಯೂಟ್ರಲ್ ಮಾಡಿ ಬುತ್ತಿ ಇಸ್ಕೋತಿದ್ರು. ನಿಂದ್ರಿಸಿದ್ರ ಮಾಲೀಕ ಬೈತಿದ್ದ. ಹನ್ನೊಂದು ವರ್ಷ ದಿನಾ ಹಿಂಗ ಕೊಟ್ಟೀನಿ. ಅವರ ಗಾಡಿ ಸಪ್ಪಳ ಇದರೊಳಗ ಐತ್ರಿ. ಮೂರು ವಾರದಿಂದ ಕೇಳಾಕ್ಹತ್ತೀನಿ. ಹೊಲದಾಗ ಕಿವಿ ಮುಚ್ಕೊಂಡು ಕುಂತೆ. ಇವತ್ತು ಕೈ ಸುಮ್ಮನಿರಲಿಲ್ಲ, ಬುತ್ತಿ ಕಟ್ಟಿಬಿಟ್ಟೆ."

ನಾನು ಇದ್ದದ್ದನ್ನೆಲ್ಲ ಹೇಳಿದೆ. ಕೇಳಲು ಬರಬೇಕಿತ್ತು, ಮಾಬುಸಾಬರು ಹೇಳಿದರೂ ಬರಲಿಲ್ಲ, ತಪ್ಪು ನನ್ನದು ಅಂದೆ. ನಾಚಿಕೆಯಿಂದ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. "ನೀನು ಬ್ಯಾಡ ಅಂದ್ರ ನಾಳೇನ ಬಿಚ್ಚಿಸಿಬಿಡ್ತೀನಿ ತಾಯಿ."

ಅವಳು ಬಾನೆಟ್ಟಿನ ಮೇಲೆ ಅಂಗೈ ಊರಿದಳು, ತೆಗೆಯಲಿಲ್ಲ. ಕಾದ ತಗಡು, ಕೈ ಸುಡುತ್ತಿರಬೇಕು.

"ಬಿಚ್ಚಬ್ಯಾಡ್ರಿ. ಅವರದು ಏನಾರ ಒಂದು ಎಲ್ಲ್ಯಾರ ಓಡತಿರ್ಲಿ. ಆದ್ರ ಈ ದಾರಿಗಿ ಬರಬ್ಯಾಡ್ರಿ. ಒಬ್ಬಾಕಿಗೇ ರೊಟ್ಟಿ ಮಾಡೋದು ಕಲಿಯಾಕ ನನಗ ಒಂದು ವರ್ಷ ಹಿಡೀತು. ಮತ್ತ ಮರಸಬ್ಯಾಡ್ರಿ."

ಅಂದಿನಿಂದ ನಾನು ಆ ಇಳಿಜಾರಿಗೆ ಹೋಗಿಲ್ಲ. ಅಕ್ಕನ ಊರಿಗೆ ಹಿಂದಿನಿಂದ ಸುತ್ತಿ ಹೋಗುವ ಮಣ್ಣಿನ ದಾರಿಯೊಂದಿದೆ. ಐದು ಗೇರು ಹಾಕಿಸಿಯೂ ಮೊದಲಿಗಿಂತ ತಡವಾಗಿ ಬರುತ್ತೇನೆಂದು ಅಕ್ಕ ನಗುತ್ತಾಳೆ. ಕಾರಣ ಅವಳಿಗೆ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಇವತ್ತೂ ಗುರುವಾರ. ಬಟ್ಟೆಯನ್ನು ಡಿಕ್ಕಿಯಲ್ಲೇ ಬಿಟ್ಟು ಹೊರಟೆ. ದಾರಿ ಕವಲೊಡೆಯುವ ಕಡೆ, ಎಡಕ್ಕೆ ತಿರುಗಿಸುವಾಗ, ಪ್ರತಿ ವಾರದಂತೆ ಗೇರ್ ರಾಡು ನಡುಗಿ, ಆ ಇಳಿಜಾರಿಗೆ ಹೋಗುವ ನೆಟ್ಟಗಿನ ದಾರಿಯ ಕಡೆಗೆ ವಾಲಿತು. ಕವಲಿನಲ್ಲಿ ರಸ್ತೆ ಹಾಳಾಗಿದೆ, ಗುಂಡಿಗಳಿವೆ. ವಿಜ್ಞಾನದ ಮೇಷ್ಟ್ರಿಗೆ ಅಷ್ಟು ಕಾರಣ ಸಾಕಾಗಬೇಕು. ಆರು ವರ್ಷ ಅಷ್ಟರಲ್ಲೇ ಸುಮ್ಮನಾಗಿ ಹಲ್ಲು ಕಚ್ಚಿ ರಾಡು ಒತ್ತಿ ಹಿಡಿದು ತಿರುಗಿಸಿಕೊಂಡು ಹೋಗಿದ್ದೇನೆ. ಇವತ್ತು ಒತ್ತಲಿಲ್ಲ. ಗಾಡಿ ನಿಲ್ಲಿಸಿ, ರಾಡಿನ ಮೇಲೆ ಕೈ ಸಡಿಲ ಬಿಟ್ಟು, ಮೊದಲ ಸಲ ಹೆಸರು ಹಿಡಿದು ಕರೆದೆ.

"ಬ್ಯಾಡಪಾ ಕೊಟ್ರೇಶಿ. ಆಕಿ ಉಂಡಾಳ."

ಕೈಯ ಕೆಳಗಿನ ನಡುಕ ನಿಂತಿತು.