ಅದೋಲತ್‌ಳ ನೀಲಿ ತೋಳು

ಅದೋಲತ್ ರೊಟ್ಟಿ ಬಡಿಯಲು ತಂದೂರಿನೊಳಕ್ಕೆ ಬಗ್ಗಿದಾಗಲೆಲ್ಲ ಅದರ ಮಣ್ಣಿನ ಅಂಚು ಅವಳ ತೋಳಿಗೆ ಒತ್ತುತ್ತಿತ್ತು. ಮೂವತ್ತು ವರ್ಷದಿಂದ ಒತ್ತುತ್ತಲೇ ಇತ್ತು. ಉಜ್ಬೇಕಿಸ್ತಾನದ ಕೋಕಂದ್ ಊರಿನ ಆ ಬೀದಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲಿ ಅತ್ತೆ ಅವಳ ಕೈಗೆ ಹಿಟ್ಟಿನ ಬೋಗುಣಿ ಕೊಟ್ಟಿದ್ದರು. ಅಂದಿನಿಂದ ಬೆಳಗಾದರೆ ನೂರು ರೊಟ್ಟಿ. ಬೀದಿಯವರಿಗೆಲ್ಲ ಅವಳು ಅದೋಲತ್ ಓಪಾ, ಅಂದರೆ ಅಕ್ಕ. ಅವಳ ರೊಟ್ಟಿ ಇಲ್ಲದೆ ಅಲ್ಲಿ ಯಾರ ಮನೆಯಲ್ಲೂ ಚಹಾ ಆಗುತ್ತಿರಲಿಲ್ಲ. ಇಷ್ಟು ವರ್ಷ ತಂದೂರಿನ ಅಂಚು ಒತ್ತಿದ ಗುರುತು ಮಧ್ಯಾಹ್ನದ ಹೊತ್ತಿಗೆ ಮಾಯವಾಗುತ್ತಿತ್ತು. ಈಗ ಒತ್ತಿದಲ್ಲೆಲ್ಲ ಅಂಗೈಯಗಲ ನೇರಳೆ ಬಣ್ಣ, ಅದು ವಾರ ಕಳೆದು ಹಸಿರಾಗಿ, ಆಮೇಲೆ ಹಳದಿಯಾಗಿ, ಹೋಗುವಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು.

ಕಾರಣ ಗೊತ್ತಿದ್ದುದು ಮೂರೇ ಜನಕ್ಕೆ. ಅವಳಿಗೆ, ಗಂಡ ತುರೋಬ್‌ಗೆ, ಮಗಳು ಮಹ್ಲಿಯೊಗೆ. ಕಳೆದ ಅಕ್ಟೋಬರಿನಲ್ಲಿ ಎದೆನೋವೆಂದು ತಾಷ್ಕೆಂಟಿಗೆ ಹೋದವಳ ಹೃದಯದ ರಕ್ತನಾಳದಲ್ಲಿ ಎರಡು ಸ್ಟೆಂಟ್ ಕೂರಿಸಿ ಕಳಿಸಿದ್ದರು. ಜೊತೆಗೆ ರಕ್ತ ತೆಳುವಾಗಿಸುವ ಎರಡು ಬಗೆಯ ಮಾತ್ರೆ. ಒಂದನ್ನು ಜೀವವಿರುವ ತನಕ, ಇನ್ನೊಂದನ್ನು ಒಂದು ವರ್ಷ, ಒಂದು ದಿನವೂ ತಪ್ಪಿಸದೆ. ಬೀದಿಯವರಿಗೆ ಮಾತ್ರ ಅವಳು ಹೇಳಿದ್ದು, ತಂಗಿಯ ಬಾಣಂತನಕ್ಕೆ ಹೋಗಿದ್ದೆ ಎಂದು. ಮಹ್ಲಿಯೊಗೆ ಇಪ್ಪತ್ತಮೂರು ತುಂಬಿತ್ತು. ಹೆಣ್ಣು ಕೇಳಲು ಬರುವವರು ಮನೆಗೆ ಬರುವ ಮುಂಚೆ ಬೀದಿಯ ಎರಡೂ ತುದಿಯಲ್ಲಿ ವಿಚಾರಿಸುತ್ತಾರೆ. ತಾಯಿಗೆ ಎದೆ ಕಾಯಿಲೆ ಎಂದು ಒಬ್ಬರ ಬಾಯಿಂದ ಬಿದ್ದರೆ ಸಾಕು, ಅದು ವಂಶದ ಕಾಯಿಲೆಯಾಗುತ್ತದೆ, ಮಗಳಿಗೂ ಅಂಟುತ್ತದೆ.

ಬಟ್ಟೆ ವ್ಯಾಪಾರದ ಮನೆಯಿಂದ ತೋಜಿಖಾನ್ ಎಂಬವಳು ಮಗನಿಗಾಗಿ ಎರಡು ಸಲ ಬಂದು ಹೋಗಿದ್ದಳು. ಹುಡುಗ ಮಹ್ಲಿಯೊ ಜೊತೆ ಓದಿದವನು, ಇಬ್ಬರಿಗೂ ಮನಸ್ಸಿತ್ತು. ಮೇ ತಿಂಗಳ ಕೊನೆಯ ಭಾನುವಾರ ರೊಟ್ಟಿ ಮುರಿಯುವುದೆಂದು ನಿಶ್ಚಯವಾಯಿತು. ಎರಡೂ ಕಡೆಯ ಹಿರಿಯರ ಎದುರು ರೊಟ್ಟಿ ಮುರಿದರೆ ಸಂಬಂಧ ಗಟ್ಟಿ. ಆ ರೊಟ್ಟಿಯನ್ನು ತಾನೇ ಬಡಿಯಬೇಕೆಂದು ಅದೋಲತ್ ಮೊದಲೇ ಹೇಳಿಟ್ಟಿದ್ದಳು.

ಇನ್ನು ಮೂರು ವಾರ ಇತ್ತು. ಅಡಿಗೆಮನೆಯ ಬೀರುವಿನ ಬಾಗಿಲು ಅವಳ ಕೆನ್ನೆಗೆ ತಗುಲಿದ್ದು ಆಗಲೇ. ಬೆಳಿಗ್ಗೆ ಕಣ್ಣಿನ ಕೆಳಗೆಲ್ಲ ಕಪ್ಪು ನೀಲಿ.

"ಏನಾಯ್ತು ಓಪಾ?" ಎಂದು ರೊಟ್ಟಿಗೆ ಬಂದ ಹನೀಫಾ ಕೇಳಿದಳು. ಅವಳು ಬೀದಿಯ ಸಮಿತಿಯಲ್ಲಿ ಹೆಂಗಸರ ಅಹವಾಲು ನೋಡಿಕೊಳ್ಳುವವಳು.

"ಬೀರು ಬಾಗಿಲು ತಗುಲ್ತು ಕಣೆ."

ಹನೀಫಾ ಕೆನ್ನೆ ನೋಡಿದಳು. ಮೇಲೆ ಸರಿದಿದ್ದ ತೋಳಿನ ಬಟ್ಟೆಯ ಕೆಳಗೆ ನೋಡಿದಳು. "ಬೀರುಗೆ ನಿಮ್ಮ ತೋಳಿನ ಮೇಲೂ ಸಿಟ್ಟಾ?" ಎಂದು ಮೆಲ್ಲಗೆ ಕೇಳಿ, ರೊಟ್ಟಿ ಸುತ್ತಿಕೊಂಡು ಹೊರಟಳು.

ಆ ಸಂಜೆ ತುರೋಬ್ ಚಹಾದಂಗಡಿಯಿಂದ ಬೇಗ ಮನೆಗೆ ಬಂದ. ಅವನು ಶಾಲೆಯಲ್ಲಿ ಭೂಗೋಳ ಹೇಳುವ ಮೇಷ್ಟ್ರು. ಮೂರನೇ ಬೆಂಚಿನಿಂದಾಚೆಗೆ ಅವನ ದನಿ ಕೇಳಿಸುತ್ತಿರಲಿಲ್ಲ. ಮನೆಯ ಬೆಕ್ಕು ಅವನ ಕುರ್ಚಿಯಲ್ಲಿ ಮಲಗಿದ್ದರೆ ನೆಲದ ಮೇಲೆ ಕೂರುವ ಮನುಷ್ಯ.

"ಬಟ್ಟಲು ಪೂರ್ತಿ ತುಂಬಿಸಿ ಕೊಟ್ರು ಕಣೆ ಇವತ್ತು," ಎಂದ.

ಅದೋಲತ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿದಳು. ಬೇಕಾದವರಿಗೆ ಅರ್ಧ ಬಟ್ಟಲು ಚಹಾ ಹಾಕುತ್ತಾರೆ, ಮತ್ತೆ ಮತ್ತೆ ಹಾಕಲು ನೆಪ ಬೇಕಲ್ಲ. ಅಂಚಿನವರೆಗೆ ತುಂಬಿಸಿದರೆ ಕುಡಿದು ಎದ್ದು ಹೋಗು ಎಂದು ಅರ್ಥ. ಇಪ್ಪತ್ತೇಳು ವರ್ಷ ಕೂತಿದ್ದ ಜಾಗದಲ್ಲಿ ಅವನಿಗೆ ತುಂಬಿದ ಬಟ್ಟಲು.

"ಯಾರಾದ್ರೂ ಏನಾದ್ರೂ ಅಂದ್ರಾ?"

"ಏನೂ ಅನ್ನಲಿಲ್ಲ. ಅಂದಿದ್ರೆ ಉತ್ತರ ಕೊಡ್ತಿದ್ನಲ್ಲ." ಕೋಟು ಕಳಚುತ್ತಾ, "ಉತ್ತರ ಅಂತ ಏನು ಕೊಡ್ಲಿ, ಅದೂ ಗೊತ್ತಿಲ್ಲ," ಎಂದ.

ಮಾರನೆಯ ದಿನ ಅದೋಲತ್ ಹತ್ತಿರದ ಆಸ್ಪತ್ರೆಗೆ ಹೋದಳು. ಡಾಕ್ಟರ್ ತೋಳು ನೋಡಿ ತಲೆಯಾಡಿಸಿದರು. "ನಾನು ಬರೆದ ಮಾತ್ರೆ ಅಲ್ಲ ಅಮ್ಮ ಇದು. ಬರೆದವರನ್ನೇ ಕೇಳಿ." ಬರೆದವರು ತಾಷ್ಕೆಂಟಿನಲ್ಲಿದ್ದರು. ಸೋಮವಾರ ಫೋನ್ ಮಾಡಿದರೆ ಆಪರೇಷನ್‌ನಲ್ಲಿದ್ದಾರೆ, ಮಂಗಳವಾರ ಆಪರೇಷನ್‌ನಲ್ಲಿದ್ದಾರೆ, ಬುಧವಾರ ರಜೆಯಲ್ಲಿದ್ದಾರೆ. ಗುರುವಾರ ಸಿಕ್ಕರು, ಅರ್ಧ ನಿಮಿಷ.

"ಮಲದಲ್ಲಿ ರಕ್ತ ಹೋಗುತ್ತಾ? ವಸಡಿಂದ ಸುರಿಯುತ್ತಾ? ಇಲ್ಲ ತಾನೆ? ಹಾಗಾದ್ರೆ ವರ್ಷ ತುಂಬೋವರೆಗೂ ತಗೊಳ್ಳಿ. ನಿಲ್ಲಿಸಿದ್ರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟುತ್ತೆ."

"ಎರಡು ವಾರ ಮಾತ್ರ ಡಾಕ್ಟ್ರೇ, ಮಗಳ..."

"ಕಲೆಯಿಂದ ಯಾರೂ ಸತ್ತಿಲ್ಲ ಅಮ್ಮ," ಎಂದು ಫೋನ್ ಇಟ್ಟರು.

ಅದು ಸರಿಯೇ. ಆದರೆ ಕಲೆಯಿಂದ ಏನೇನಾಗುತ್ತದೆ ಎಂದು ಹೇಳಲು ಆ ಡಾಕ್ಟರು ಇವಳ ಬೀದಿಯಲ್ಲಿ ಒಂದು ದಿನ ಬಾಳಬೇಕಿತ್ತು. ಕೈಮುಚ್ಚುವ ಅಂಗಿ ತೊಟ್ಟು ತಂದೂರಿಗೆ ಬಗ್ಗಿದಳು, ಅಂಗಿತೋಳಿನ ತುದಿ ಸುಟ್ಟಿತು. ಮುಖಕ್ಕೆ ಪೌಡರ್ ಬಳಿದಳು, ಬೆವರಿನಲ್ಲಿ ಇಳಿಯಿತು. ಕಾಯಿಲೆ ಹೇಳಿದರೆ ಮಗಳ ಸಂಬಂಧ ಮುರಿಯುತ್ತದೆ. ಹೇಳದಿದ್ದರೆ ಗಂಡ ಹೆಂಡತಿಯನ್ನು ಬಡಿಯುವವನಾಗುತ್ತಾನೆ, ಅಂಥವನ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಉಳಿದದ್ದು ಮಾತ್ರೆ. ರೊಟ್ಟಿ ಮುರಿಯುವ ದಿನಕ್ಕೆ ಒಂದು ವಾರವಿದೆ ಎನ್ನುವಾಗ ಅವಳು ಒಂದು ವರ್ಷ ತಪ್ಪಿಸಬಾರದೆಂದಿದ್ದ ಆ ಸಣ್ಣ ಗುಲಾಬಿ ಮಾತ್ರೆಯನ್ನು ನುಂಗುವುದು ಬಿಟ್ಟಳು. ಮಾತ್ರೆ ಪಟ್ಟಿಯನ್ನು ಹಿಟ್ಟಿನ ಡಬ್ಬದ ಹಿಂದೆ ಸೇರಿಸಿಟ್ಟಳು. ನಿಶ್ಚಯವಾದ ರಾತ್ರಿಯೇ ಮತ್ತೆ ಶುರು ಮಾಡುವುದು ಎಂದುಕೊಂಡಳು.

ಶುಕ್ರವಾರ ಮಧ್ಯಾಹ್ನ ತುರೋಬ್ ಬೆಕ್ಕಿಗೆ ಹಾಲು ಹಾಕಲು ಬಟ್ಟಲು ಹುಡುಕುತ್ತಾ ಆ ಪಟ್ಟಿಯನ್ನು ಕಂಡ. ಐದು ದಿನದ ಮಾತ್ರೆ ಹಾಗೇ ಇತ್ತು. ಅಂಗಳಕ್ಕೆ ಬಂದ. ಅದೋಲತ್ ಹಿಟ್ಟು ನಾದುತ್ತಿದ್ದಳು.

"ಇದೇನೇ ಇದು?"

"ಭಾನುವಾರ ಕಳೀಲಿ ರೀ. ಕೆನ್ನೆ ನೋಡಿ, ಆಗಲೇ ತಿಳಿಯಾಗಿದೆ."

ಮೂವತ್ತು ವರ್ಷದಲ್ಲಿ ಅದೋಲತ್ ಕೇಳಿರದ ದನಿಯೊಂದು ಆಗ ಆ ಮನುಷ್ಯನ ಗಂಟಲಿಂದ ಹೊರಟಿತು. "ಬುದ್ಧಿ ಇದೆಯೇನೇ ನಿನಗೆ? ಸಾಯ್ತೀಯ! ಹೀಗೇ ಮಾಡ್ತಿರು, ಸಾಯ್ತೀಯ ನೀನು! ನನ್ನ ಕೈಯಲ್ಲೇ ಸಾಯ್ತೀಯ!"

ಪಕ್ಕದಂಗಳದಲ್ಲಿ ಕಂಬಳಿ ಬಡಿಯುತ್ತಿದ್ದ ಸದ್ದು ನಿಂತಿತು. ಎದುರು ಮನೆಯ ಗೇಟು ಕಿರ್ ಎಂದು ಬೆರಳಷ್ಟು ತೆರೆಯಿತು.

ತುರೋಬ್‌ಗೂ ಅದು ಕೇಳಿಸಿತು. ಮುಖ ಬಿಳಿಚಿಕೊಂಡು, "ತಗೋ," ಎಂದು ಪಿಸುಗುಟ್ಟಿ ಮಾತ್ರೆ ಮುಂದೆ ಹಿಡಿದ.

"ಈಗ ಪಿಸುಗುಟ್ಟಿ ಏನು ಪ್ರಯೋಜನ ರೀ! ಬಜಾರಿನ ತನಕ ಕೇಳಿಸ್ತು. ಎರಡೇ ದಿನ. ಅಷ್ಟು ತಡ್ಕೊಳ್ಳೋಕಾಗಲ್ವಾ ನಿಮಗೆ?"

ಅವನು ಪಟ್ಟಿಯನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು ಒಳಗೆ ಹೋದ. ಶನಿವಾರ ಬೆಳಿಗ್ಗೆ ತಂದೂರಿನ ಮುಂದೆ ಅವಳ ಎದೆಯೊಳಗೆ ಏನೋ ಒಮ್ಮೆ ಹಿಂಡಿದ ಹಾಗಾಯಿತು. ಹಿಟ್ಟಿನ ಮೂಟೆಯ ಮೇಲೆ ಕೂತಳು. ಬೆಂಕಿಯ ಕಾವು ಎಂದು ತನಗೇ ಹೇಳಿಕೊಂಡಳು. ಯಾರಿಗೂ ಹೇಳಲಿಲ್ಲ.

ಭಾನುವಾರ ತೋಜಿಖಾನ್, ಅವಳ ಭಾವ, ಇಬ್ಬರು ನಾದಿನಿಯರು ಬಂದರು. ಹಾಸಿನ ಮೇಲೆ ಒಣದ್ರಾಕ್ಷಿ, ಬಾದಾಮಿ, ಮಾಂಸ ತುಂಬಿ ಬೇಯಿಸಿದ ಸೋಂಸಾ, ನಡುವೆ ಬಿಳಿ ಬಟ್ಟೆಯಲ್ಲಿ ಎರಡು ರೊಟ್ಟಿ. ಮಹ್ಲಿಯೊ ಅರ್ಧರ್ಧ ಬಟ್ಟಲು ಚಹಾ ಹಾಕಿ, ಎದೆಯ ಮೇಲೆ ಕೈಯಿಟ್ಟು ಬಾಗಿ ಕೊಟ್ಟಳು. ಭಾವ ರೊಟ್ಟಿಗೆ ಕೈ ಚಾಚಬೇಕು, ಅಷ್ಟರಲ್ಲಿ ಗೇಟು ಬಡಿದ ಸದ್ದು. ಹನೀಫಾ, ಹಿಂದೆ ಒಬ್ಬ ಪೊಲೀಸ್, ಅವನ ಕಂಕುಳಲ್ಲಿ ಫೈಲು.

"ಅದೋಲತ್ ಓಪಾ, ಒಂದ್ನಿಮಿಷ ಆಚೆ ಬನ್ನಿ," ಎಂದಳು ಹನೀಫಾ.

"ನೆಂಟರಿದ್ದಾರೆ ಹನೀಫಾ. ನಾಳೆ ಬಾ."

"ನಾಳೆ ನೀವಿರ್ತೀರೋ ಇಲ್ವೋ! ಶುಕ್ರವಾರ ಕೊಲ್ತೀನಿ ಅಂದಿದ್ದು ಇಡೀ ಬೀದಿ ಕೇಳಿದೆ. ನಾನು ಸುಮ್ಮನಿದ್ರೆ ಮೊದಲು ನನ್ನ ಕೆಲಸ ಹೋಗುತ್ತೆ. ನಿಮಗೇನಾದ್ರೂ ಆದ್ರೆ ನನಗೆ ನಿದ್ದೆ ಬರಲ್ಲ."

ತೋಜಿಖಾನ್ ಬಟ್ಟಲು ಕೆಳಗಿಟ್ಟಳು. "ಯಾರು ಯಾರನ್ನ ಕೊಲ್ತಾರಂತೆ?"

ತುರೋಬ್ ನೆಲ ನೋಡುತ್ತಿದ್ದ. ಅವನು ಬಾಯಿ ತೆರೆಯುವುದಿಲ್ಲ ಎಂದು ಅದೋಲತ್‌ಗೆ ಗೊತ್ತಿತ್ತು. ಮಗಳಿಗಾಗಿ ಈ ಮನುಷ್ಯ ಸಾಯುವ ತನಕ ಬಡಿಯುವವನೆಂದೇ ಹೆಸರು ಹೊತ್ತು, ತುಂಬಿದ ಬಟ್ಟಲು ಕುಡಿದುಕೊಂಡಿರುತ್ತಾನೆ. ಅದು ಹೊಳೆದ ಕೂಡಲೇ ಅವಳಿಗೆ ಯಾರ ಮೇಲೆಂದು ತಿಳಿಯದ ಸಿಟ್ಟು ಬಂತು. ಅವನ ಮೇಲೆ, ಹನೀಫಾಳ ಮೇಲೆ, ಅರ್ಧ ನಿಮಿಷದ ಡಾಕ್ಟರ ಮೇಲೆ, ಎಲ್ಲರಿಗಿಂತ ಹೆಚ್ಚಾಗಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟ ತನ್ನ ಮೇಲೆಯೇ.

ಎದ್ದು ಒಳಗೆ ಹೋಗಿ ಆಸ್ಪತ್ರೆಯ ಕಾಗದ ತಂದು ರೊಟ್ಟಿಯ ಪಕ್ಕದಲ್ಲಿಟ್ಟಳು. ಅಂಗಿಯ ತೋಳು ಮೇಲೆ ಸರಿಸಿದಳು.

"ನೋಡಿ, ಎಲ್ಲರೂ ಸರಿಯಾಗಿ ನೋಡಿ. ಇವರು ಹೊಡೆದದ್ದಲ್ಲ, ತಂದೂರು ಹೊಡೆದದ್ದು. ನನ್ನ ಎದೆಯಲ್ಲಿ ಎರಡು ಸ್ಟೆಂಟ್ ಇದೆ. ರಕ್ತ ತೆಳುವಾಗೋಕೆ ಮಾತ್ರೆ ಕೊಟ್ಟಿದ್ದಾರೆ, ಮುಟ್ಟಿದ್ರೆ ನೀಲಿಗಟ್ಟುತ್ತೆ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ನಾನು ಮಾತ್ರೆ ಬಿಟ್ಟೆ. ಬಿಟ್ಟಿದ್ದಕ್ಕೆ ಇವರು ಕೂಗಿದ್ದು."

ಪೊಲೀಸನು ಕಾಗದ ತಿರುಗಿಸಿ ನೋಡಿ, ಮೊಹರು ಇದೆ ಎಂದು ಮಾತ್ರ ಹೇಳಿದ.

ತೋಜಿಖಾನ್ ಮುಖದಲ್ಲಿ ಮೊದಲು ಮರುಕ ಬಂತು. ನಿಜವಾದ ಮರುಕವೇ. ಆಮೇಲೆ ಅದರ ಹಿಂದೆ ಇನ್ನೊಂದು ಯೋಚನೆ ನಿಧಾನವಾಗಿ ಬಂದು ಕೂತದ್ದನ್ನು ಅದೋಲತ್ ಕಂಡಳು.

"ನಿಮ್ಮ ತಾಯಿಗೂ ಇತ್ತಾ ಓಪಾ, ಈ ಕಾಯಿಲೆ?"

ಇಲ್ಲ ಎಂದರೆ ಮುಗಿಯುತ್ತಿತ್ತು. "ಇತ್ತು," ಎಂದಳು ಅದೋಲತ್.

"ದೇವರು ಆರೋಗ್ಯ ಕೊಡಲಿ. ಮನೇಲಿ ಒಂದ್ಮಾತು ಆಡಿ ಹೇಳಿ ಕಳಿಸ್ತೀವಿ." ನಾಲ್ವರೂ ಎದ್ದರು. ಬಟ್ಟಲುಗಳಲ್ಲಿ ಚಹಾ ಹಾಗೇ ಉಳಿಯಿತು. ಅವರು ತಂದಿದ್ದ ಮಿಠಾಯಿ ತಟ್ಟೆಯನ್ನು ಬಿಟ್ಟು ಹೋಗಬೇಕೋ ಒಯ್ಯಬೇಕೋ ತಿಳಿಯದೆ ಒಬ್ಬ ನಾದಿನಿ ಬಾಗಿಲ ತನಕ ಹಿಡಿದುಕೊಂಡು ಹೋಗಿ, ವಾಪಸ್ ಬಂದು ಇಟ್ಟಳು.

ಹನೀಫಾ ನಿಂತೇ ಇದ್ದಳು. "ಮೊದಲೇ ಹೇಳಬಾರದಿತ್ತಾ ಓಪಾ?"

"ಹೇಳಿದ್ರೆ ಏನಾಗುತ್ತೆ ಅಂತ ಈಗ ನೋಡಿದೆಯಲ್ಲ."

ಪೊಲೀಸನು ಪೆನ್ನು ತೆಗೆದು ತಲೆ ಕೆರೆದುಕೊಂಡ. "ಫಾರಂ ಶುರು ಮಾಡಿಬಿಟ್ಟಿದ್ದೀನಿ. ಹೊಡೆದಿಲ್ಲ ಅಂತ ಬರೆಯೋಕೆ ಇದರಲ್ಲಿ ಜಾಗ ಇಲ್ಲ. ನಾಳೆ ನೀವಿಬ್ಬರೂ ಆಫೀಸಿಗೆ ಬರಬೇಕಾಗುತ್ತೆ."

"ನಾಳೆ ಆಸ್ಪತ್ರೆಗೆ ಹೋಗ್ತೀವಿ," ಎಂದ ತುರೋಬ್. ಅವನ ದನಿ ಮೂರನೇ ಬೆಂಚಿನಾಚೆಗೂ ಕೇಳಿಸುವಷ್ಟಿತ್ತು. "ಆಫೀಸಿಗೆ ಆಮೇಲೆ."

ಅವರು ಹೋದ ಮೇಲೆ ಮಹ್ಲಿಯೊ ಬಟ್ಟಲುಗಳನ್ನು ತಟ್ಟೆಗೆ ಜೋಡಿಸತೊಡಗಿದಳು. "ನನ್ನ ಹೆಸರು ಹೇಳ್ಕೊಂಡು ಸಾಯಿ ಅಂತ ನಿನಗೆ ಯಾರು ಹೇಳಿದ್ರಮ್ಮ? ನನ್ನ ಒಂದ್ಮಾತು ಕೇಳಿದ್ಯಾ?" ಎಂದವಳು, ಅತ್ತಳೋ ಬೈದಳೋ ತಿಳಿಯದಂತೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ತುರೋಬ್ ಕೋಟಿನ ಒಳಜೇಬಿನಿಂದ ಮಾತ್ರೆ ಪಟ್ಟಿ ತೆಗೆದು ಅವಳ ಮುಂದಿಟ್ಟ. ಅವಳು ಬಿಳಿ ಬಟ್ಟೆ ಸರಿಸಿ, ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ಮುರಿದಳು.

"ಏಯ್, ಅದು..." ಎಂದ ತುರೋಬ್.

"ಬರಿ ಹೊಟ್ಟೇಲಿ ತಗೋಬಾರದು ಅಂದಿದ್ದಾರೆ," ಎಂದು ಅರ್ಧವನ್ನು ಅವನ ಕೈಗೆ ಕೊಟ್ಟು, ತನ್ನ ಪಾಲಿನದನ್ನು ತಣ್ಣಗಾದ ಚಹಾದಲ್ಲಿ ಅದ್ದಿದಳು.