ಎಂಜಿನ್ನಿಗೆ ಹೊಕ್ಕ ಗಾಳಿ

ಸಿಟ್ಟು ಆಗ ನನ್ನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಣ್ಣ ಎಂಜಿನ್ನನ್ನು ನನ್ನ ಕೈಗೆ ಕೊಡಲು ಹಿಂದೆಮುಂದೆ ನೋಡುತ್ತಿದ್ದುದು ಅದಕ್ಕೇ. ಹುನಗುಂದದಲ್ಲಿ ನಾವಿಬ್ಬರೂ ಹಿಟ್ಟಿನ ಗಿರಣಿ ಹಾಕಿ ನಾಲ್ಕು ತಿಂಗಳಾಗಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಡೀಸೆಲ್ ಎಂಜಿನ್ ಎಂದರೆ ಊರಿಗೇ ಹೊಸದು. ಗಿರಣಿ ಹಿಟ್ಟಿನ ರೊಟ್ಟಿಗೆ ರುಚಿಯಿಲ್ಲ ಎಂದು ಮೂಗು ಮುರಿಯುವವರೇ ಹೆಚ್ಚು. ಮನೆಮನೆಯಲ್ಲಿ ಬೀಸುಕಲ್ಲು ಇರುವಾಗ ನಮ್ಮ ಹಂಗು ಯಾರಿಗೆ ಬೇಕು? ಪಂಚಮಿ ಹಬ್ಬಕ್ಕೂ ಹೆಂಗಸರು ಬರದಿದ್ದರೆ ಬಾಗಿಲು ಹಾಕುವುದೇ ಎಂದು ಅಣ್ಣ ಹೇಳಿಬಿಟ್ಟಿದ್ದ.

ಹಬ್ಬಕ್ಕೆ ಎರಡು ದಿನ ಇರುವಾಗ ಅವರು ಬಂದರು. ಜೋಳ ಹುರಿದು ಮಾಡಿದ ಅಳ್ಳು ತುಂಬಿದ ಬುಟ್ಟಿಗಳು ಬಾಗಿಲಿನಿಂದ ಬೀದಿಯವರೆಗೆ ಸಾಲು ಹಚ್ಚಿದವು. ಅದನ್ನು ಬೀಸಿದರೆ ಅಳ್ಳಿಟ್ಟು. ಪಂಚಮಿಗೆ ಅದಿಲ್ಲದೆ ಆಗದು. ಅವತ್ತೇ ಅಣ್ಣ ಬಾಗಲಕೋಟೆಗೆ ಹೋಗಿದ್ದ, ಅವತ್ತೇ ಎಂಜಿನ್ ಕುಂಟತೊಡಗಿತು. ಎಣ್ಣೆ ಸೋಸುವ ಫಿಲ್ಟರ್ ಕಟ್ಟಿಕೊಂಡಿದೆ ಎಂದು ತಿಳಿಯಿತು. ಎಂಜಿನ್ ನಿಲ್ಲಿಸಿ, ಕರ್ರಗೆ ಜಿಗುಟಾಗಿದ್ದ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದೆ. ಇಷ್ಟನ್ನು ಸರಿಯಾಗಿಯೇ ಮಾಡಿದೆ.

ಆಮೇಲೆ ಹ್ಯಾಂಡಲ್ ಹಾಕಿ ತಿರುಗಿಸಿದರೆ ಎಂಜಿನ್ ಹೊರಡಲೇ ಇಲ್ಲ. ಫಿಲ್ಟರ್ ಬದಲಿಸಿದಾಗ ಎಣ್ಣೆಯ ಕೊಳವೆಯೊಳಗೆ ಗಾಳಿ ಸೇರಿ ಎಣ್ಣೆಯನ್ನು ತಡೆಯುತ್ತದೆ ಎಂದು ಎಂಜಿನ್ ಕೂರಿಸಿಕೊಟ್ಟ ಮಿಸ್ತ್ರಿ ಮೊದಲೇ ಹೇಳಿಕೊಟ್ಟಿದ್ದ. ಪಂಪಿನ ಮೇಲಿನ ತಿರುಪು ಸಡಿಲಿಸಿ ಕೈಯಿಂದ ಪಂಪು ಒತ್ತುತ್ತಿರಬೇಕು. ಎಣ್ಣೆಯ ಜೊತೆ ಗುಳ್ಳೆಗಳು ಬರುತ್ತವೆ. ಗುಳ್ಳೆ ನಿಂತ ಮೇಲೆ ತಿರುಪು ಬಿಗಿಯಬೇಕು. ಹಾಗೇ ಮಾಡಿದೆ, ಹೊರಡಲಿಲ್ಲ. ಮತ್ತೂ ಎರಡು ಸಲ ಮಾಡಿದೆ. ಅಂಗಿಯೆಲ್ಲ ಬೆವರಿಗೆ ತೊಯ್ದು, ಮೊಣಕೈವರೆಗೆ ಎಣ್ಣೆಯಾಗಿ ಕೂತಿರುವಾಗ ಬಾಗಿಲಲ್ಲಿದ್ದವರೊಬ್ಬರು ಏನಾಗಿದೆ ಎಂದು ಕೇಳಿದರು. ತಲೆ ಎತ್ತದೆ ಒದರಿದೆ:

"ಗಾಳಿ ಹೊಕ್ಕೈತಿ. ಬಿಡಸಾಕತ್ತೇನಿ."

ನಮ್ಮ ಕಡೆ ಗಾಳಿ ಹೊಕ್ಕಿತು ಎಂದರೆ ದೆವ್ವ ಹೊಕ್ಕಿತು ಎಂದೇ ಅರ್ಥ. ಅದು ನನಗೆ ಹೊಳೆದದ್ದು ಹೊರಗೆ ಗುಜುಗುಜು ಎದ್ದ ಮೇಲೆ. ಇದು ಆ ಗಾಳಿಯಲ್ಲ, ಉಸಿರಾಡುವ ಗಾಳಿ ಎಂದು ಕೂಗಿ ಹೇಳಿದೆ. ಉಸಿರಾಡುವ ದೆವ್ವವಂತೆ ಎಂದು ಸಾಲಿನ ಕೊನೆಯವರೆಗೆ ಸುದ್ದಿ ಮುಟ್ಟಿತು. ಬುಟ್ಟಿಗಳು ಒಂದೊಂದಾಗಿ ತಲೆಗೇರತೊಡಗಿದವು. ನಮ್ಮೂರಲ್ಲಿ ಅಡ್ಡಹೆಸರು ಒಮ್ಮೆ ಅಂಟಿದರೆ ಮುಗಿಯಿತು. ದೆವ್ವದ ಗಿರಣಿಗೆ ಇನ್ನು ಯಾರು ಕಾಳು ತರುತ್ತಾರೆ? ಆಗ ನನಗೆ ಸಿಟ್ಟು ಹೋಗಿ ಹೆದರಿಕೆಯಾಯಿತು.

ಒಳಗೆ ಬಂದವಳು ಒಬ್ಬಳೇ, ಊರೆಲ್ಲ ಆಯಿ ಎಂದು ಕರೆಯುತ್ತಿದ್ದ ಮುದುಕಿ. ಯಾರಿಗೆ ಗಾಳಿ ಸೋಂಕಿದರೂ ಬೇವಿನ ತಪ್ಪಲು ಹಿಡಿದು ಬಿಡಿಸುವುದು ಅವಳ ಕೆಲಸ. ಎಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೇಗೆ ಬಿಡಿಸುತ್ತೀ ತೋರಿಸು ಎಂದಳು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ತಿರುಪು ಸಡಿಲಿಸಿ ಪಂಪು ಒತ್ತಿದೆ. ಬುಸಬುಸ ಎಂದು ಗುಳ್ಳೆ ಬಂತು, ನಿಂತಿತು, ತಿಳಿ ಎಣ್ಣೆ ಹರಿಯಿತು. ಪಾನಾ ಹಿಡಿದು ತಿರುಪು ಬಿಗಿಯಲು ಹೋದರೆ ಅವಳು ನನ್ನ ಮಣಿಕಟ್ಟು ಹಿಡಿದಳು.

"ತಡಿ ತಮ್ಮಾ. ಒಮ್ಮೆಗೇ ಹೋಗಂಗಿಲ್ಲ ಅದು. ಹೋದಂಗ ಮಾಡಿ ಒಳಗ ಕುಂತಿರತೈತಿ."

ಹಲ್ಲು ಕಚ್ಚಿಕೊಂಡು ಒತ್ತುತ್ತಾ ಹೋದೆ. ಎಷ್ಟೋ ಹೊತ್ತು ತಿಳಿ ಎಣ್ಣೆಯೇ. ಇನ್ನು ಸಾಕೆನ್ನುವಷ್ಟರಲ್ಲಿ ಬುಸ್ಸೆಂದು ಹಾಲು ಉಕ್ಕಿದಂತೆ ನೊರೆ ಬಂತು. ಮೂರು ಸಲವೂ ನಾನು ಅವಸರಕ್ಕೆ ಬಿದ್ದು ಈ ಗಾಳಿಯನ್ನು ಒಳಗೇ ಬಿಟ್ಟು ತಿರುಪು ಬಿಗಿದಿದ್ದೆ. ಆಯಿ ಬಿಡಲಿಲ್ಲ, ಇನ್ನೊಂದು ಸಲ ನೊರೆ ಬಂದು ಹೋಗುವವರೆಗೆ ಒತ್ತಿಸಿದಳು. ಆಮೇಲೂ ಸ್ವಲ್ಪ ಹೊತ್ತು ಎಣ್ಣೆಯನ್ನೇ ದಿಟ್ಟಿಸಿ, ಈಗ ಹೋಯಿತು ಎಂದು ನನ್ನ ಕೈ ಬಿಟ್ಟಳು.

ಹ್ಯಾಂಡಲ್ ತಿರುಗಿಸಿದೆ. ಎಂಜಿನ್ ಎರಡು ಸಲ ಕೆಮ್ಮಿ ಹೊರಟಿತು. ಖುಷಿಯಲ್ಲಿ ನನಗೆ ಕುಣಿಯಬೇಕೆನಿಸಿತು. ಆದರೆ ಹೊರಗಿನವರು ಹೊಸ್ತಿಲು ದಾಟಲಿಲ್ಲ. ದೆವ್ವ ಹೋದರೂ ಅದು ಕೂತಿದ್ದ ಯಂತ್ರದ ಹಿಟ್ಟನ್ನು ಮಕ್ಕಳಿಗೆ ಹೇಗೆ ತಿನ್ನಿಸುವುದು ಎಂದು ಮುಖ ಮುಖ ನೋಡಿಕೊಂಡರು.

ಆಯಿ ತನ್ನ ಬುಟ್ಟಿಯನ್ನೇ ಮೊದಲು ಗಿರಣಿಯ ಬಾಯಿಗೆ ಸುರಿಸಿದಳು. ಬಿಸಿ ಅಳ್ಳಿಟ್ಟು ಕೆಳಗೆ ಬೀಳುತ್ತಲೇ ಹಿಡಿ ತುಂಬ ತೆಗೆದುಕೊಂಡು ಬಾಗಿಲಿಗೆ ಬಂದು ನಿಂತಳು.

"ನಾ ಸತ್ರ ನೀವು ಬೀಸಿಸಬ್ಯಾಡ್ರಿ," ಎಂದು ಬಾಯಿಗೆ ಹಾಕಿಕೊಂಡಳು.

ಅಷ್ಟು ಜನರೂ ಅವಳ ಬಾಯನ್ನೇ ನೋಡುತ್ತಿದ್ದರು, ನಾನೂ. ಹಲ್ಲಿಲ್ಲದ ಬಾಯಿ, ಬಹಳ ಹೊತ್ತು ಹಿಡಿಯಿತು. ನುಂಗಿ, ತುಟಿ ಒರೆಸಿಕೊಂಡು, ಯಾರಾದರೂ ಬೆಲ್ಲ ತಂದಿದ್ದರೆ ಒಂದು ಚೂರು ಕೊಡಿ ಎಂದಳು. ಯಾರೋ ನಕ್ಕರು. ಬುಟ್ಟಿಗಳು ಕೆಳಗಿಳಿದವು, ಇಳಿಯುತ್ತಲೇ ನನ್ನದು ಮೊದಲು, ನಿನ್ನದು ಆಮೇಲೆ ಎಂದು ಜಗಳ ಶುರುವಾಯಿತು. ಆ ಜಗಳ ಬಿಡಿಸಲು ಮಾತ್ರ ಆಯಿಗೂ ಆಗಲಿಲ್ಲ.